ದ್ಯಾವಯ್ಯನ ಎಡೆಗಿಡದ ಪಾಕೀಟು

ಬೈರಮ್ಮನ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಮುದ್ದೆ ಕಟ್ಟುವಾಗ ಉಳಿದ ಬೆರಳೆಲ್ಲ ಬಾಗಿದರೂ ಅದೊಂದು ಮಾತ್ರ ನೆಟ್ಟಗೆ ಹೊರಗೆ ನಿಂತಿರುತ್ತದೆ. ಮೊದಲ ಸಲ ಅವಳ ಮನೆಗೆ ಹೋದಾಗ ನನ್ನ ಕಣ್ಣು ಬಿದ್ದದ್ದು ಆ ಬೆರಳಿನ ಮೇಲೆ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನನ್ನೂರು ನಾಗಮಂಗಲ. ಮದ್ಯ, ತಂಬಾಕಿನಿಂದ ಜನರ ಆರೋಗ್ಯಕ್ಕೆ ಏನಾಗುತ್ತಿದೆ ಎಂದು ಅಧ್ಯಯನ ಮಾಡುವ ತಂಡವೊಂದಕ್ಕೆ ಮನೆಮನೆ ಸುತ್ತಿ ಪ್ರಶ್ನೆ ಕೇಳುವವಳು ನಾನು. ತಂಡದ ಮುಖ್ಯಸ್ಥೆ ಡಾಕ್ಟರ್ ತನುಶ್ರೀ. ಕುಡಿಯುವವನ ಲಿವರ್ ಬಗ್ಗೆ ಬೇಕಾದಷ್ಟು ಸಂಶೋಧನೆಯಾಗಿದೆ, ಅವನ ಪಕ್ಕದಲ್ಲಿ ಮಲಗುವವಳ ಪಕ್ಕೆಲುಬಿನ ಬಗ್ಗೆ ಯಾರು ಕೇಳಿದ್ದಾರೆ ಎನ್ನುವುದು ಅವರ ವಾದ. ಹಾಗಾಗಿ ನಾವು ಕುಡಿಯದವರನ್ನೇ ಕೇಳುತ್ತೇವೆ: ಕಳೆದ ವರ್ಷದಲ್ಲಿ ಬೇರೆಯವರ ಕುಡಿತದಿಂದ ನಿಮಗೆ ಪೆಟ್ಟಾಗಿದೆಯೇ? ನಿಮ್ಮೂರಲ್ಲಿ ಮದ್ಯ ಎಲ್ಲಿ ಸಿಗುತ್ತದೆ? ಉತ್ತರಗಳನ್ನು ಸೇರಿಸಿ ವರದಿ ಮಾಡಿ ಸರ್ಕಾರಕ್ಕೆ ಕೊಡುತ್ತಾರೆ. ಮಾರಲು ಬಿಟ್ಟವರಿಗೇ ವರದಿ ಕೊಟ್ಟರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತಲ್ಲವೇ ಎಂದು ನಾನು ಕೇಳಿದರೆ ಮೇಡಂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಚಿನಕುರಳಿಯಿಂದ ಸ್ವಲ್ಪ ಒಳಕ್ಕೆ, ಕಲ್ಲುಕೋರೆಯ ಮಗ್ಗುಲಲ್ಲಿ ಬೈರಮ್ಮನ ಹಳ್ಳಿ. ಬೇಸಿಗೆಯ ಒಂದು ಬೆಳಿಗ್ಗೆ ಅವಳ ಜಗಲಿಯಲ್ಲಿ ಕೂತು ಟ್ಯಾಬು ತೆಗೆದು ಅದೇ ಪ್ರಶ್ನೆ ಕೇಳಿದೆ.

"ಯಾರ್ ಕುಡ್ತ ಅಂತ ಬರ್ಕತೀಯವ್ವ? ಗಂಡಂದಾ, ಮಗಂದಾ?" ಅಂದಳು.

"ಗಂಡ ಮನೇಲಿದ್ದಾರಾ ಅಮ್ಮ?"

"ಸತ್ತೋಗವ್ನೆ. ಸತ್ತೋರ್ದೂ ಬರ್ಕಳಂಗಿದ್ರೆ ಏಳು, ಇವತ್ತು ಮುಗ್ಯಕಿಲ್ಲ."

ಹಾಗೆ ಶುರುವಾದ ಮಾತು ಮಧ್ಯಾಹ್ನದವರೆಗೆ ಹೋಯಿತು. ಅವಳ ತವರು ಬೂಕನಕೆರೆ. ಈ ಊರಿನ ದ್ಯಾವಯ್ಯನಿಗೆ ಕೊಟ್ಟರು. ದ್ಯಾವಯ್ಯ ಕೋರೆಯಲ್ಲಿ ಬಂಡೆಗೆ ಕುಳಿ ಹೊಡೆಯುವ ಆಳು. ಹಗಲೆಲ್ಲ ಕಲ್ಲಿಗೆ ಹೊಡೆದ ಕೈ ಸಂಜೆ ಕುಡಿದ ಮೇಲೆ ಹೆಂಡತಿಗೆ ಹೊಡೆಯುತ್ತಿತ್ತು. ಒಂದು ಸಂಜೆ ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಅವಳ ಕೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದು, ಕೋರೆಯ ಸುತ್ತಿಗೆಯಿಂದ ಕಿರುಬೆರಳು ಜಜ್ಜಿದ. ಉಳಿದ ಬೆರಳು ಯಾಕೆ ಬಿಟ್ಟನಂತೆ ಗೊತ್ತೇ? ಮುದ್ದೆ ಕಟ್ಟಬೇಕಲ್ಲ ಎಂದು. ಇದನ್ನು ಹೇಳುವಾಗ ಬೈರಮ್ಮ ನಕ್ಕಳು. ನನಗೆ ಮಾತ್ರ ಆ ಸುತ್ತಿಗೆ ಹುಡುಕಿಕೊಂಡು ಹೋಗಿ ಅವನ ಗೋರಿಯನ್ನು ಒಡೆದುಬರಬೇಕು ಎನ್ನಿಸಿತು.

ಅವನು ಸತ್ತದ್ದೂ ಕುಡಿದೇ. ಕಲ್ಲು ತುಂಬಿದ ಟ್ರಾಕ್ಟರಿನ ಮಡ್ಗಾರ್ಡ್ ಮೇಲೆ ಕೂತು ಬರುತ್ತಿದ್ದವನು ಜಾರಿ ಬಿದ್ದ, ಟ್ರೈಲರಿನ ಚಕ್ರ ಎದೆಯ ಮೇಲೆ ಹೋಯಿತು.

"ಅಳು ಬರ್ನಿಲ್ಲ ಕಣವ್ವ ನಂಗೆ. ನಮ್ಮತ್ತೆ ಸೊಂಟಕ್ಕೆ ಗುದ್ದಿ, ಅಳಮ್ಮೀ, ಜನ ನೋಡ್ತಾವ್ರೆ ಅಂದ್ಲು. ಆ ಗುದ್ದಿನ್ ನೋವ್ಗೆ ಅತ್ತೆ" ಅಂದಳು ಬೈರಮ್ಮ.

ಅವಳ ಬದುಕಿನ ದೊಡ್ಡ ಜಗಳ ಶುರುವಾದದ್ದು ಅವನು ಸತ್ತ ಮೇಲೆ. ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಸತ್ತವರು ಏನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಯ ಮೇಲೆ ಬರಬೇಕು. ಮುದ್ದೆ, ಕೋಳಿಸಾರು, ವಡೆ, ಎಲೆಯಡಿಕೆ; ಬೀಡಿ ಸೇದುವವರಿಗೆ ಬೀಡಿಕಟ್ಟು, ಕುಡಿಯುವವರಿಗೆ ಎಣ್ಣೆ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ, ಸತ್ತವರು ಬಂದು ಉಂಡು ಹೋಗಲಿ ಎಂದು. ಆಮೇಲೆ ಆ ಎಡೆಯನ್ನು ಮನೆಯವರು ಪ್ರಸಾದ ಎಂದು ಉಣ್ಣುತ್ತಾರೆ. ಎಣ್ಣೆ ಇಟ್ಟಿದ್ದರೆ ಅದನ್ನು ಮೊದಲು ಬಾಯಿಗಿಡಬೇಕಾದವನು ಮಗ.

ಬೈರಮ್ಮ ದ್ಯಾವಯ್ಯನ ಮೊದಲ ಎಡೆಗೆ ಎಲ್ಲ ಇಟ್ಟಳು. ಬೀಡಿಯ ಜೊತೆ ಬೆಂಕಿಪೊಟ್ಟಣವನ್ನೂ ಇಟ್ಟಳು. ಎಣ್ಣೆ ಮಾತ್ರ ಇಡಲಿಲ್ಲ. ಮೈದುನ ತಿಮ್ಮರಾಜು ಓಡಿ ಬಂದ. ಊರೊಳಗೆ ಅವನದೊಂದು ಚಿಲ್ಲರೆ ಅಂಗಡಿ. ಮುಂದೆ ಬಿಸ್ಕತ್ತು, ಸೋಪು. ಹಿಂದೆ ಅಕ್ಕಿಮೂಟೆಯ ಸಂದಿಯಲ್ಲಿ ಮಕ್ಕಳ ಜ್ಯೂಸಿನ ಡಬ್ಬಿಯಂತಿರುವ ಎಣ್ಣೆ ಪಾಕೀಟು. ಲೈಸೆನ್ಸು ಕೇಳಿದರೆ ಸೋಪು ತೋರಿಸುತ್ತಾನೆ.

"ಅತ್ಗೆ, ಇದೇನ್ ಮಾಡ್ಬುಟ್ಟೆ? ಅಣ್ಣ ಬಾಯಾರ್ಕೊಂಡು ಬಾಗ್ಲಲ್ಲೇ ನಿಂತ್ಕತಾನೆ" ಎಂದು ಪಾಕೀಟು ಚಾಚಿದ.

"ನಿಂತ್ಕಳ್ಲಿ ಬುಡು. ಅವ್ನು ಒದ್ದು ಆಚ್ಗೆ ತಳ್ದಾಗ ನಾನೂ ಅಲ್ಲೇ ನಿಂತಿದ್ದೆ" ಅಂದಳು ಬೈರಮ್ಮ.

ಅವಳ ಉದ್ದೇಶ ಒಂದೇ. ಮಗ ನಾಗರಾಜು ಆಗಿನ್ನೂ ಎಣ್ಣೆ ಮುಟ್ಟಿರಲಿಲ್ಲ. ಅಪ್ಪನ ಎಡೆಯ ನೆಪದಲ್ಲಿ ಅವನ ನಾಲಿಗೆಗೆ ರುಚಿ ಹತ್ತಬಾರದು, ಅಷ್ಟೇ. ಅಷ್ಟು ಮಾಡಿಯೂ ಅವನು ಕೋರೆಯ ಕ್ರಷರಿಗೆ ಕೆಲಸಕ್ಕೆ ಸೇರಿದ ಮೇಲೆ ಕುಡಿತ ಕಲಿತ. ಧೂಳು ಗಂಟಲಿನಿಂದ ಇಳಿಯಲಿ ಎಂದು ಶುರುಮಾಡಿದವನು, ಬೆಳಿಗ್ಗೆ ಎದ್ದು ಒಂದು ಪಾಕೀಟು ಬೀಳದಿದ್ದರೆ ಚಹದ ಲೋಟ ಹಿಡಿಯಲಾರದಷ್ಟು ಕೈ ನಡುಗುವ ಮಟ್ಟಕ್ಕೆ ಬಂದ. ಹೆಂಡತಿ ಅನುವಿಗೆ ಹೊಡೆಯುತ್ತಿದ್ದ. ಬಿಡಿಸಲು ಹೋದ ತಾಯಿಗೂ ಬೀಳುತ್ತಿತ್ತು.

ಊರಿನವರು ಕಾರಣ ಕಂಡುಹಿಡಿದರು. ನಾಗರಾಜು ಕುಡಿಯುತ್ತಿಲ್ಲವಂತೆ, ಅವನ ಮೈಮೇಲೆ ಬಂದು ದ್ಯಾವಯ್ಯ ಕುಡಿಯುತ್ತಿದ್ದಾನಂತೆ. ಎಡೆಗೆ ಇಟ್ಟಿದ್ದರೆ ವರ್ಷಕ್ಕೊಮ್ಮೆ ಅಲ್ಲೇ ಕುಡಿದುಕೊಂಡು ಹೋಗುತ್ತಿದ್ದನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಮಾರಿದವನದು ತಪ್ಪಲ್ಲ, ಕುಡಿದವನದು ತಪ್ಪಲ್ಲ, ಕೊಂಡು ತಂದು ಇಡದ ಮುಂಡೆಯದು ತಪ್ಪು! ಇದನ್ನು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಏನು ಮಾಡಲಿ, ಉರಿಗೆ ನನ್ನ ಟ್ಯಾಬಿನಲ್ಲಿ ಜಾಗವಿರಲಿಲ್ಲ. ಅನುವಿಗೆ ನನ್ನ ಫೋನ್ ನಂಬರ್ ಕೊಟ್ಟು ಬಂದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅನು ಫೋನ್ ಮಾಡಿದಳು, ಆಸ್ಪತ್ರೆಯಿಂದ. ನಾನು ಬಸ್ಸು ಹತ್ತಿ ಹೋದೆ. ನಾಗರಾಜು ಮಂಚದ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಮಗ್ಗುಲಾಗಿ ಮಲಗಿಸಿದ್ದರಿಂದ ಬೆನ್ನು ಕಾಣುತ್ತಿತ್ತು. ಬಾಸುಂಡೆಯ ಮೇಲೆ ಬಾಸುಂಡೆ ಎದ್ದು ಚರ್ಮ ಒಡೆದಿತ್ತು. ಬೈರಮ್ಮ ಗೋಡೆಗೆ ಒರಗಿ ಕೂತಿದ್ದಳು, ನನ್ನ ಮುಖ ನೋಡಲಿಲ್ಲ. ಏನಾಯಿತೆಂದು ಹೇಳಿದವಳು ಅನು.

ಒಂದು ಸಂಜೆ ಎಣ್ಣೆಗೆ ಕಾಸಿಲ್ಲದೆ ನಾಗರಾಜು ಅನುವಿನ ಕಿವಿಯ ಓಲೆಗೆ ಕೈ ಹಾಕಿದ. ಅವಳು ಬಿಚ್ಚಿಕೊಡುವವರೆಗೂ ಕಾಯಲಿಲ್ಲ, ಎಳೆದ. ಕಿವಿಯ ಹಾಲೆ ಎರಡು ಸೀಳಾಗಿ ರಕ್ತ ಕುತ್ತಿಗೆಯ ಮೇಲೆ ಇಳಿಯಿತು. ಬೈರಮ್ಮ ಅರಿಸಿನ ಮೆತ್ತಿ, ಬಟ್ಟೆ ಸುತ್ತಿ ಮಲಗಿದಳು. ಬೆಳಿಗ್ಗೆ ಎದ್ದು ಒನಕೆ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದಳು. ಮನೆಮನೆಯ ಬಾಗಿಲಿಗೆ ಒನಕೆಯ ತುದಿಯಿಂದ ಕುಟ್ಟಿ, "ಬನ್ರಮ್ಮೀ, ಇವತ್ತು ಒಡ್ದಾಕದೇಯ" ಅಂದಳು. ಹೆಂಗಸರು ಕಾದಿದ್ದವರಂತೆ ಬಂದರು. ಚಿಕ್ಕಬೋರಮ್ಮ ಎನ್ನುವ ಮುದುಕಿ ಸೆರಗಿನಲ್ಲಿ ಖಾರದಪುಡಿ ಕಟ್ಟಿಕೊಂಡು ಬಂದಳು.

ತಿಮ್ಮರಾಜು ಅಂಗಡಿಯ ಬಾಗಿಲಿಗೆ ಅಡ್ಡ ನಿಂತು ಬೈರಮ್ಮನ ತುರುಬು ಹಿಡಿದು ಗೋಡೆಗೆ ಬಡಿದ. ಹಣೆ ಒಡೆಯಿತು. ಚಿಕ್ಕಬೋರಮ್ಮ ಸೆರಗು ಬಿಚ್ಚಿ ಅವನ ಕಣ್ಣಿಗೆ ಖಾರ ಎರಚಿದಳು. ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದವನ ತೋಳಿಗೆ ಬೈರಮ್ಮ ಒನಕೆ ಬೀಸಿದಳು. ಮೂಳೆ ಮುರಿದ ಸದ್ದು ಬೀದಿಗೆ ಕೇಳಿತು. ಆಮೇಲೆ ಅಕ್ಕಿಮೂಟೆ ಎಳೆದು, ಪಾಕೀಟುಗಳನ್ನು ಬೀದಿಗೆಸೆದು, ಹೆಂಗಸರೆಲ್ಲ ಅದರ ಮೇಲೆ ಕುಣಿದರು. ರಾಗಿ ತುಳಿದಂತೆ ತುಳಿದರಂತೆ. ಕದ್ದು ಮಾರುತ್ತಿದ್ದ ಇನ್ನುಳಿದ ಮನೆಗಳಿಗೂ ನುಗ್ಗಿದರು. ಮಧ್ಯಾಹ್ನದೊಳಗೆ ಊರು ಒಣಗಿತು.

ಇದನ್ನು ಕೇಳುವಾಗ ನನಗೆ ಖುಷಿಯಾಯಿತು. ಮುಚ್ಚುಮರೆ ಯಾಕೆ, ತುಂಬ ಖುಷಿಯಾಯಿತು.

ಊರಿನ ಗಂಡಸರು ಬೈಕು ಹತ್ತಿ ಪಾಂಡವಪುರಕ್ಕೆ ಹೋಗಿ ಕುಡಿದು ಬಂದರು. ನಾಗರಾಜುವನ್ನು ಮಾತ್ರ ಬೈರಮ್ಮ ಹೋಗಗೊಡಲಿಲ್ಲ. ನಾಲ್ಕಾರು ಹೆಂಗಸರನ್ನು ಸೇರಿಸಿಕೊಂಡು, ಅವನು ಒದೆಯುತ್ತಿದ್ದರೂ ಕಚ್ಚುತ್ತಿದ್ದರೂ ನಡುಮನೆಯ ಕಂಬಕ್ಕೆ ದನದ ಹಗ್ಗದಲ್ಲಿ ಬಿಗಿದಳು.

"ಕರಾ ಮೊಲೆ ಬುಡ್ಸಕ್ಕೆ ಕಟ್ಟಾಕಕಿಲ್ವಾ? ಅರಚ್ತದೆ, ಆಮೇಲೆ ಹುಲ್ಲು ತಿನ್ತದೆ. ಇವ್ನೂ ಅಂಗೆಯಾ" ಅಂದಳಂತೆ.

ಕರುವಿನ ಲೆಕ್ಕ ಮನುಷ್ಯನಿಗೆ ಹೊಂದಲಿಲ್ಲ. ಮೊದಲು ಅವನ ಮೈ ಬೆವೆತು ನಡುಗಿತು. ಆಮೇಲೆ ಕುಡಿಸಿದ ನೀರೂ ವಾಂತಿಯಾಯಿತು. ಇಲ್ಲದ ಇರುವೆಗಳು ಮೈಮೇಲೆ ಹರಿಯುತ್ತಿವೆ ಎಂದು ಕಟ್ಟಿದ ಹಗ್ಗದೊಳಗೇ ಮೈ ಕೊಡವತೊಡಗಿದ. ಎರಡು ದಿನ ಕಳೆದ ಮೇಲೆ ಮಧ್ಯಾಹ್ನ ಮೂಲೆಯತ್ತ ಕಣ್ಣು ನೆಟ್ಟು, "ಅಪ್ಪ ಬಂದವ್ನೆ ಕಣವ್ವ. ಬಾಯಾರ್ತದಂತೆ" ಅಂದ. ಒಣಗಿದ ಗಂಟಲಿನಿಂದ ಗೊಗ್ಗರು ದನಿಯಲ್ಲಿ ಕೂಗಿದ: "ಲೇ ಬೈರಿ, ಎಣ್ಣೆ ತತ್ತಾ!"

ಅವಳನ್ನು ಬೈರಿ ಎಂದು ಕರೆಯುತ್ತಿದ್ದವನು ದ್ಯಾವಯ್ಯ ಒಬ್ಬನೇ. ಚಿಕ್ಕಂದಿನಿಂದ ಅದನ್ನು ಕೇಳಿ ಬೆಳೆದ ಮಗನ ತಲೆಯಲ್ಲಿ ಅದು ಇರಲೇಬೇಕಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಮನೆ ತುಂಬ ಜನ ಸೇರಿದರು. ತೋಳಿಗೆ ಪಟ್ಟಿ ಕಟ್ಟಿಕೊಂಡ ತಿಮ್ಮರಾಜು ಬಾಗಿಲಲ್ಲಿ ನಿಂತು, "ನೋಡಿದ್ರಾ? ನಮ್ಮಣ್ಣನೇ ಬಾಯ್ಬುಟ್ಟು ಕೇಳ್ತಾವ್ನೆ" ಅಂದ. ಯಾರೋ ಬೇವಿನಸೊಪ್ಪು ತಂದರು, ಯಾರೋ ಪೊರಕೆ ತಂದರು. ಬೈರಮ್ಮ ಎರಡನ್ನೂ ಪಕ್ಕಕ್ಕೆ ತಳ್ಳಿ ಗೂಟದಲ್ಲಿದ್ದ ಬಾರುಕೋಲು ತೆಗೆದುಕೊಂಡಳು.

"ಅತ್ತೆ, ಮೈ ಕೆಂಡ್ದಂಗೆ ಸುಡ್ತದೆ, ಆಸ್ಪತ್ರೆಗೆ ಕರ್ಕೊಂಡೋಗಾನ" ಎಂದು ಅನು ಕೈ ಹಿಡಿದಳು. ಬೈರಮ್ಮ ಅವಳನ್ನು ನೂಕಿದಳು.

"ಸತ್ರೂ ಬುಡಕಿಲ್ವೇನ್ಲಾ ನನ್ನ? ಓಗ್ಲಾ! ನನ್ ಮಗನ್ ಮೈ ಬುಟ್ಟು ಓಗ್ಲಾ!" ಎಂದು ಹೊಡೆಯತೊಡಗಿದಳು. ಬೆನ್ನು, ಭುಜ, ತೊಡೆ, ಎಲ್ಲಿ ಸಿಕ್ಕಿತೋ ಅಲ್ಲಿ. ಕಟ್ಟಿದ್ದ ದೇಹ ಹಗ್ಗದೊಳಗೇ ಒದ್ದಾಡಿತು. ಜನ ಹಿಂದೆ ಸರಿದರು. ದೆವ್ವ ಬಿಡಿಸುವ ಹೊಡೆತ ಅವರು ನೋಡಿದ್ದರು, ಇಂಥದ್ದು ನೋಡಿರಲಿಲ್ಲ. ಕೊನೆಗೆ ನಾಗರಾಜುವಿಗೆ ಫಿಟ್ಸು ಬಂದು, ಕಣ್ಣು ಮೇಲಾಗಿ, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ ಬಂತು. ಜನ "ಬಿಟ್ಟೋಯ್ತಾವ್ನೆ, ದ್ಯಾವಯ್ಯ ಬಿಟ್ಟೋಯ್ತಾವ್ನೆ" ಎಂದರು. ಅಷ್ಟರಲ್ಲಿ ಅನು ಹಿತ್ತಲಿಗೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದ್ದಳು.

ಆಸ್ಪತ್ರೆಯ ಡಾಕ್ಟರು ಬೈರಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಇಷ್ಟು ಕುಡಿಯುವ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ತಡೆಯಲಾಗುವುದಿಲ್ಲ. ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಫಿಟ್ಸು ಬರುತ್ತದೆ, ಜೀವವೂ ಹೋಗಬಹುದು. ಔಷಧಿ ಕೊಟ್ಟು, ಕಣ್ಣಿಟ್ಟು ಬಿಡಿಸಬೇಕಾದದ್ದು ಅದು. ಇನ್ನು ಮುಂದೆ ಅವನು ಒಂದು ತೊಟ್ಟೂ ಮುಟ್ಟಬಾರದು, ಮುಟ್ಟಿದರೆ ಮತ್ತೆ ಇಲ್ಲಿಗೇ ಬರುತ್ತಾನೆ, ಆಗ ಉಳಿಯುತ್ತಾನೆಂದು ಹೇಳಲಾರೆ ಎಂದರು. ಬೈರಮ್ಮ ಹಲ್ಲು ಕಚ್ಚಿಕೊಂಡು ಕೇಳಿದಳು.

ನಾನು ಇದನ್ನೆಲ್ಲ ತನುಶ್ರೀ ಮೇಡಂಗೆ ಹೇಳಿದೆ. ಅಂಗಡಿ ಮುಚ್ಚಿಸುವುದು ಅರ್ಧ ಕೆಲಸ, ಮುಚ್ಚಿಸುವ ಮೊದಲು ಆ ಊರಿನ ಕುಡುಕರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಮಾತ್ರೆ, ಹಾಸಿಗೆ ಸಿದ್ಧವಿರಬೇಕು ಎಂದು ಅವರು ವರದಿಗೆ ಸೇರಿಸಿದರು. ಅದು ಯಾರ ಮೇಜಿನ ಮೇಲಿದೆಯೋ ನನಗೆ ಗೊತ್ತಿಲ್ಲ. ತಿಮ್ಮರಾಜು ಮಾತ್ರ ತೋಳು ಕೂಡುವ ಮೊದಲೇ ಅಂಗಡಿ ತೆರೆದ.

ನಾಗರಾಜು ಬದುಕಿದ. ಕಂಬಕ್ಕೆ ಕಟ್ಟಿದ ಮೇಲಿನ ಯಾವುದೂ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಬೆನ್ನ ಮೇಲಿನ ಗಾಯ ಯಾರು ಮಾಡಿದ್ದು ಎಂದು ಕೇಳಿದಾಗ ಊರಿಗೆ ಊರೇ ಒಂದೇ ಉತ್ತರ ಹೇಳಿತು: ನಿಮ್ಮಪ್ಪ. ಮೈಮೇಲೆ ಬಂದು, ಎಣ್ಣೆ ಸಿಗದ ಸಿಟ್ಟಿಗೆ ಹಂಗೆ ಮಾಡಿ ಹೋದ. ಬೈರಮ್ಮ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಅವನು ಎಣ್ಣೆ ಮುಟ್ಟದೆ, ಕ್ರಷರ್ ಬಿಟ್ಟು, ಎರಡು ಹಸು ನೋಡಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಸಾಕಲ್ಲ ಎಂದು ಅವಳು ಸುಮ್ಮನಿದ್ದಿರಬೇಕು.

ಅದೇ ಮನೆಗಳಿಗೆ ಎರಡನೇ ಸುತ್ತು ಹೋಗಬೇಕಾದದ್ದು ಪಿತೃಪಕ್ಷದಲ್ಲಿ. ಸಂಜೆ ಬೈರಮ್ಮನ ಮನೆಗೆ ಹೋದಾಗ ಕೋಳಿಸಾರಿನ ವಾಸನೆ ಬೀದಿಯವರೆಗೆ ಬಂದಿತ್ತು. "ಉಂಡ್ಕೊಂಡೇ ಓಗ್ಬೇಕು" ಎಂದು ಅನು ಕೂರಿಸಿದಳು. ನಡುಮನೆಯಲ್ಲಿ, ಅದೇ ಕಂಬದ ಪಕ್ಕ, ಬಾಳೆಲೆಯ ಮೇಲೆ ಎಡೆ ಸಿದ್ಧವಾಗಿತ್ತು. ಹೊಸ ಪಂಚೆ, ಟವೆಲ್ಲು, ಮುದ್ದೆ, ವಡೆ, ಬೀಡಿಕಟ್ಟು. ಒಂದು ಲೋಟ ನೀರು.

ತಿಮ್ಮರಾಜು ಒಳಬಂದ. ಅಂಗಿಯ ಜೇಬಿನಿಂದ ಪಾಕೀಟು ತೆಗೆದು ಎಲೆಯ ಬದಿಗಿಟ್ಟ. "ಈ ಸಲನಾದ್ರೂ ಅಣ್ಣಂಗೆ ಮಡುಗ್ಲಾ ನಾಗ" ಅಂದ.

ಬೈರಮ್ಮ ಅದನ್ನು ಎತ್ತಲು ಬಗ್ಗಿದಳು. ನಾಗರಾಜು ಅವಳ ಕೈ ತಡೆದ.

"ಇರ್ಲಿ ಬುಡವ್ವ. ಮಡಗ್ನಿಲ್ಲಾ ಅಂದ್ರೆ ಮತ್ತೆ ಬತ್ತಾನೆ. ನನ್ ಬೆನ್ ನೋಡಿದ್ದೀಯಲ್ಲ? ನನ್ಗೆ ಅದ್ನ ಇನ್ನೊಂದ್ ಸಲ ತಡ್ಯಕಾಗಕಿಲ್ಲ. ಪ್ರಸಾದ ಅಂತ ಒಂದ್ ತೊಟ್ಟು ನಾಲ್ಗೆಗೆ ಮುಟ್ಟುಸ್ಬುಡ್ತೀನಿ, ಅಷ್ಟೇಯ."

ಅವನ ದನಿಯಲ್ಲಿ ಆಸೆ ಇರಲಿಲ್ಲ, ಹೆದರಿಕೆ ಇತ್ತು. ಅನು ಅತ್ತೆಯ ಮುಖ ನೋಡಿದಳು. ನಾನೂ ನೋಡಿದೆ. ಒಂದು ತೊಟ್ಟು ಎಂದರೆ ಏನೆಂದು ಆ ಮನೆಯಲ್ಲಿ ನಮಗೆ ಮೂವರಿಗೂ ಗೊತ್ತಿತ್ತು.

"ನಿಮ್ಮಪ್ಪ ಬಂದಿರ್ನಿಲ್ಲ ಕಣ್ಲಾ" ಅಂದಳು ಬೈರಮ್ಮ.

"ಊರೋರೆಲ್ಲ ನೋಡವ್ರೆ, ನೀನೇನವ್ವ..."

"ಒಡ್ದೋಳು ನಾನು. ಬಾರುಕೋಲಲ್ಲಿ, ಈ ಕೈಯ್ಯಲ್ಲಿ ಒಡ್ದೆ. ನಿಮ್ಮಪ್ಪ ಅನ್ಕೊಂಡೇ ಶುರುಮಾಡ್ದೆ. ಒಡೀತಾ ಒಡೀತಾ ನೀನು ಅವ್ವಾ ಅಂದೆ. ನಿಮ್ಮಪ್ಪ ನನ್ನ ಯಾವತ್ತೂ ಅವ್ವ ಅಂದಿರ್ನಿಲ್ಲ. ಗೊತ್ತಾಯ್ತು ನಂಗೆ, ನೀನೇ ಅಂತ. ಗೊತ್ತಾದ್ಮೇಲೂ ಒಡ್ದೆ. ಅವ್ನಿಗೆ ಒಡೀಬೇಕಾಗಿದ್ದದ್ನೆಲ್ಲ ನಿಂಗೇ ಒಡ್ದೆ."

ನಾಗರಾಜು ಎದ್ದು ನಿಂತ. ಮುಖ ಬಿಳುಚಿಕೊಂಡಿತ್ತು. ಬಲಗೈ ಎತ್ತಿ ತಾಯಿಯ ಕೆನ್ನೆಗೆ ಬಾರಿಸಿದ. ಎಷ್ಟು ಜೋರಾಗಿ ಎಂದರೆ ಅವಳು ಕಂಬಕ್ಕೆ ತಾಗಿ ಕುಸಿದು ಕೂತಳು. ಅನು ಕಿರುಚಿದಳು. ನಾನು ಎದ್ದು ನಡುವೆ ಬರುವಷ್ಟರಲ್ಲಿ ಬೈರಮ್ಮ ಕೂತಲ್ಲಿಂದಲೇ ನನಗೆ ಕೈಯಡ್ಡ ಮಾಡಿದಳು.

"ಬುಡವ್ವ, ಒಡೀಲಿ. ಲೇ ನಾಗ, ಎಷ್ಟ್ ಬೇಕೋ ಒಡಿ. ಅದ್ನ ಮಾತ್ರ ಮುಟ್ಬ್ಯಾಡ" ಅಂದಳು.

ನಾಗರಾಜು ಬಗ್ಗಿ ಪಾಕೀಟು ಎತ್ತಿಕೊಂಡ. ತಿಮ್ಮರಾಜುವಿನ ಮುಖದಲ್ಲಿ ಸಣ್ಣ ನಗು ಮೂಡಿದ್ದನ್ನು ನಾನು ಕಂಡೆ, ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ನಾಗರಾಜು ಪಾಕೀಟನ್ನು ಅವನ ಮುಖಕ್ಕೇ ಬೀಸಿ ಎಸೆದ. ಅದು ಹುಬ್ಬಿಗೆ ಬಡಿದು ಹೊಸ್ತಿಲಾಚೆ ಬಿತ್ತು.

"ತಕ್ಕೊಂಡೋಗು ಚಿಕ್ಕಪ್ಪ. ಇನ್ನೊಂದ್ ಸಲ ಈ ಮನ್ಗೆ ತಂದ್ರೆ ಇನ್ನೊಂದ್ ತೋಳೂ ಉಳ್ಯಕಿಲ್ಲ."

ತಿಮ್ಮರಾಜು ಹೋದ. ನಾಗರಾಜು ಧೂಪ ಹಾಕಿ, ಕೈಮುಗಿದು, ತಾಯಿಯತ್ತ ತಿರುಗಿಯೂ ನೋಡದೆ ಹೊರಗೆ ಬಂದು ಹಸುಗಳ ಹತ್ತಿರ ನಿಂತ. ಅನು ಬಾಗಿಲು ಮುಚ್ಚಿದಳು. ಪದ್ಧತಿಯಂತೆ ನಾವೆಲ್ಲ ಜಗಲಿಯಲ್ಲಿ ಕೂತೆವು, ದ್ಯಾವಯ್ಯ ಉಣ್ಣುವವರೆಗೆ. ಈ ವರ್ಷವೂ ಅವನಿಗೆ ನೀರೇ.

ಬೈರಮ್ಮ ನನ್ನ ಪಕ್ಕದಲ್ಲಿ ಕೂತಳು. ಕೆನ್ನೆಯ ಮೇಲೆ ಮಗನ ಬೆರಳುಗಳು ಮೂಡಿದ್ದವು. ಅದನ್ನು ಎಡಗೈಯಿಂದ ಮುಚ್ಚಿಕೊಂಡಿದ್ದಳು, ಕಿರುಬೆರಳು ಮಾತ್ರ ನೆಟ್ಟಗೆ ಕಿವಿಯ ಹತ್ತಿರ ನಿಂತಿತ್ತು. ಇವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ.

"ನಿನ್ ಕೆಲ್ಸ ಮಾಡವ್ವ. ಅದೇನೋ ಕೇಳ್ತಿದ್ಯಲ್ಲ ಓದ್ಸಲ" ಅಂದಳು.

ಟ್ಯಾಬು ತೆಗೆದೆ. ನನ್ನ ದನಿ ನನಗೇ ಕೇಳದಂತೆ ಪ್ರಶ್ನೆ ಓದಿದೆ. ನಾವು ಎರಡನೇ ಸುತ್ತಿನಲ್ಲಿ ಕೇಳುವುದು ಕಳೆದ ಒಂದು ತಿಂಗಳಿನದನ್ನು ಮಾತ್ರ: ಬೇರೆಯವರ ಕುಡಿತದಿಂದ ನಿಮಗೆ ಪೆಟ್ಟಾಗಿದೆಯೇ?

ಅವಳು ಹಸುವಿನ ಮೈ ಸವರುತ್ತಿದ್ದ ಮಗನನ್ನು ನೋಡಿದಳು.

"ಇಲ್ಲ ಅಂತ ಬರ್ಕೊ" ಅಂದಳು. "ಅವ್ನು ಕುಡ್ದಿರ್ನಿಲ್ಲ."

ನಾನು ಇಲ್ಲ ಎಂದು ಒತ್ತಿದೆ.